ಅವ್ವನ ದುಡ್ಡಿಗೆ ಊರಿನ ಪೋಸ್ಟ್ ಆಫೀಸ್ ಸಾಕೇ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮೂರು ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಸಣ್ಣ ಹಳ್ಳಿ. ಅಲ್ಲಿ ಅವ್ವ ಒಬ್ಬರೇ ಇದ್ದಾರೆ. ವಯಸ್ಸು 63. ಹೊಲದ ಕೂಲಿಗೆ ಹೋಗುತ್ತಾರೆ, ಸುಗ್ಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾರೆ. ಅವರ ಗೃಹಲಕ್ಷ್ಮಿ ಹಣ 14 ಕಿಲೋಮೀಟರ್ ದೂರದ ಬ್ಯಾಂಕ್ ಖಾತೆಗೆ ಬರುತ್ತದೆ. ಬಸ್ ಫ್ರೀ ಇದೆ, ಆದರೆ ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಗುತ್ತದೆ. ಹೋದರೂ ಎಷ್ಟೋ ಸಲ "ಹೆಬ್ಬೆಟ್ಟು ತಗೋತಿಲ್ಲ, ನಾಳೆ ಬಾ" ಅಂತ ಕಳಿಸುತ್ತಾರೆ. ಊರಿನ ಪೋಸ್ಟ್ ಆಫೀಸ್ ನೋಡಿಕೊಳ್ಳುವ ಅಕ್ಕ, "ಪೋಸ್ಟ್ ಬ್ಯಾಂಕಿನಾಗ ಖಾತೆ ತೆಗಸ್ರಿ, ಇಲ್ಲೇ ದುಡ್ಡು ಕೊಡ್ತೀನಿ" ಅಂತಿದ್ದಾರೆ. ಆದರೆ ನಮ್ಮ ಸೋದರಮಾವ, "ಅದು ಪೇಮೆಂಟ್ಸ್ ಬ್ಯಾಂಕು, ಇಂಥದ್ದೇ ಒಂದು ಹೋದ ವರ್ಷಗಳಲ್ಲಿ ಬಂದ್ ಆಯ್ತು, ಗೃಹಲಕ್ಷ್ಮಿನೂ ನಿಂತು ಹೋಗುತ್ತೆ" ಅಂತ ಹೆದರಿಸಿದ್ದಾರೆ. ಅವ್ವನ ಹೆಸರಲ್ಲಿ ಮೊದಲಿನಿಂದಲೂ ಅಂಚೆ ಪಾಸ್‌ಬುಕ್ ಇದೆ, ಅದರಲ್ಲಿ 40,000 ರೂಪಾಯಿ ಇದೆ. ತಿಂಗಳಿಗೆ 500 ರೂಪಾಯಿಯ ಆರ್‌ಡಿಯೂ ಇದೆ, ಎರಡು ಕಂತು ಕಟ್ಟಿಲ್ಲ. ಎರಡೂ ಪಾಸ್‌ಬುಕ್ ಆ ಅಕ್ಕನ ಮನೆಯಲ್ಲೇ ಇವೆ. ಅವ್ವನಿಗೆ ಸಹಿ ಮಾಡಲು ಬರುತ್ತೆ, ಫೋನ್ ಇಲ್ಲ, ಎಲ್ಲದಕ್ಕೂ ನನ್ನ ನಂಬರ್ ಕೊಟ್ಟಿದ್ದೇವೆ. ಹೊಸ ಖಾತೆ ತೆರೆಯಬೇಕೋ ಬೇಡವೋ? ಮುಂದೆ ಸಾಲ ಬೇಕಾದರೆ ಸಿಗುತ್ತಾ?

ಉತ್ತರ: ನಿಮ್ಮ ಪತ್ರ ಓದಿ ಮೊದಲು ಮನಸ್ಸಿಗೆ ನಾಟಿದ್ದು ಆ "ನಾಳೆ ಬಾ" ಅನ್ನುವ ಮಾತು. ನಾನು ವರ್ಷಗಟ್ಟಲೆ ಅಂಚೆ ಕಚೇರಿಯ ಉಳಿತಾಯ ಕೌಂಟರ್‌ನಲ್ಲಿ ಕೂತವಳು. ನಿವೃತ್ತಿಯಾದ ಮೇಲೆ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ದುಡ್ಡಿನ ವ್ಯವಹಾರ ಹೇಳಿಕೊಡುತ್ತಿದ್ದೇನೆ. ಎರಡು ಸಾವಿರಕ್ಕಾಗಿ ಎರಡು ದಿನದ ಕೂಲಿ ಕಳೆದುಕೊಂಡವರು ಪ್ರತಿ ಶಿಬಿರದಲ್ಲೂ ಸಿಗುತ್ತಾರೆ. ಖಾತೆ ಎಲ್ಲರ ಹತ್ತಿರವೂ ಇದೆ. ಆದರೆ ಅದರಲ್ಲಿರುವ ದುಡ್ಡು ಬೇಕಾದ ದಿನ ಕೈಗೆ ಬರುವುದಿಲ್ಲ.

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಅವ್ವನಿಗೆ ದುಡ್ಡು ಊರಲ್ಲೇ ಸಿಗಬೇಕು. ಇಟ್ಟ ದುಡ್ಡು ಮುಳುಗಬಾರದು. ಬರುವ ದುಡ್ಡು ನಿಲ್ಲಬಾರದು. ಈ ಮೂರಕ್ಕೂ ಉತ್ತರ ಇದೆ. ಆದರೆ ಅದಕ್ಕೂ ಮುಂಚೆ ಒಂದು ಗೊಂದಲ ಬಿಡಿಸಬೇಕು. ನಿಮ್ಮ ಮನೆಯಲ್ಲಿ ಎಲ್ಲರೂ "ಪೋಸ್ಟ್ ಬ್ಯಾಂಕು" ಅಂತ ಒಂದೇ ಹೆಸರಲ್ಲಿ ಕರೆಯುತ್ತಿರುವುದು ನಿಜಕ್ಕೂ ಎರಡು ಬೇರೆ ಬೇರೆ ಸಂಸ್ಥೆಗಳ ಖಾತೆ.

ಅವ್ವನ ಹಳೆಯ ಪಾಸ್‌ಬುಕ್ ಇದೆಯಲ್ಲ, ಅದು ಅಂಚೆ ಕಚೇರಿ ಉಳಿತಾಯ ಬ್ಯಾಂಕಿನದು. 1882ರಿಂದ ನಡೆದುಕೊಂಡು ಬಂದಿದೆ. ಅಲ್ಲಿ ಇಡುವ ದುಡ್ಡು ನೇರವಾಗಿ ಕೇಂದ್ರ ಸರ್ಕಾರಕ್ಕೆ ಹೋಗುತ್ತದೆ, ಹಿಂದಿರುಗಿಸುವ ಹೊಣೆಯೂ ಸರ್ಕಾರದ್ದೇ. ಆರ್‌ಡಿ, ಸುಕನ್ಯಾ ಸಮೃದ್ಧಿ, ಹಿರಿಯ ನಾಗರಿಕರ ಉಳಿತಾಯ ಯೋಜನೆ ಎಲ್ಲವೂ ಈ ಕಡೆಯವು. ಉಳಿತಾಯ ಖಾತೆಗೆ ವರ್ಷಕ್ಕೆ ಶೇ 4 ಬಡ್ಡಿ. ಖಾತೆಯಲ್ಲಿ ಕನಿಷ್ಠ 500 ರೂಪಾಯಿ ಇರಬೇಕು.

ಅಕ್ಕ ಈಗ ತೆರೆಯಿರಿ ಅನ್ನುತ್ತಿರುವುದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆ. ಚಿಕ್ಕದಾಗಿ ಐಪಿಪಿಬಿ. ಇದು ದೇಶದಾದ್ಯಂತ ಶುರುವಾಗಿದ್ದು 2018ರ ಸೆಪ್ಟೆಂಬರ್ 1ರಂದು. ರಿಸರ್ವ್ ಬ್ಯಾಂಕಿನ ನಿಯಮಕ್ಕೆ ಒಳಪಟ್ಟ ಬ್ಯಾಂಕು, ಷೇರು ಪೂರ್ತಿ ಭಾರತ ಸರ್ಕಾರದ್ದು. ಕನಿಷ್ಠ ಮೊತ್ತ ಇಡಬೇಕು ಅನ್ನುವುದಿಲ್ಲ, ಸೊನ್ನೆ ಇದ್ದರೂ ನಡೆಯುತ್ತದೆ. ಆದರೆ ಬಡ್ಡಿ ಹಳೆಯ ಪಾಸ್‌ಬುಕ್‌ಗಿಂತ ಸಾಕಷ್ಟು ಕಡಿಮೆ. ದಿನದ ಕೊನೆಗೆ 2 ಲಕ್ಷಕ್ಕಿಂತ ಜಾಸ್ತಿ ಇಡುವಂತಿಲ್ಲ. ಮೊದಲು ಈ ಮಿತಿ 1 ಲಕ್ಷ ಇತ್ತು, 2021ರಲ್ಲಿ ಏರಿಸಿದರು.

ಕೂತಿರುವವರು ಅದೇ ಅಕ್ಕ, ಇರುವುದು ಅದೇ ಕೋಣೆ. ಜನರಿಗೆ ವ್ಯತ್ಯಾಸ ಗೊತ್ತಾಗದಿದ್ದರೆ ಅದು ಅವರ ತಪ್ಪಲ್ಲ. ಬಿಡಿಸಿ ಹೇಳಬೇಕಾದವರು ಹೇಳಿಲ್ಲ.

ಈಗ ನಿಮ್ಮ ಮಾವನ ಮಾತಿಗೆ ಬರೋಣ. ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. 2015ರಲ್ಲಿ ರಿಸರ್ವ್ ಬ್ಯಾಂಕ್ 11 ಅರ್ಜಿದಾರರಿಗೆ ಪೇಮೆಂಟ್ಸ್ ಬ್ಯಾಂಕ್ ತೆರೆಯಲು ತಾತ್ವಿಕ ಒಪ್ಪಿಗೆ ಕೊಟ್ಟಿತು. ಕೆಲವರು ಬಾಗಿಲು ತೆರೆಯುವ ಮೊದಲೇ ಹಿಂದೆ ಸರಿದರು. ಆದಿತ್ಯ ಬಿರ್ಲಾ ಐಡಿಯಾ ಪೇಮೆಂಟ್ಸ್ ಬ್ಯಾಂಕ್ 2019ರಲ್ಲಿ ವ್ಯವಹಾರ ನಿಲ್ಲಿಸುವುದಾಗಿ ಹೇಳಿತು. ಮಾವ ಹೇಳಿದ್ದು ಬಹುಶಃ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ವಿಷಯ. ನಿಯಮ ಪಾಲಿಸುತ್ತಿಲ್ಲ ಎಂಬ ಕಾರಣಕ್ಕೆ 2024ರ ಜನವರಿ 31ರಂದು ರಿಸರ್ವ್ ಬ್ಯಾಂಕ್ ಅದರ ಮೇಲೆ ಕ್ರಮ ಕೈಗೊಂಡಿತು. ಆ ವರ್ಷದ ಮಾರ್ಚ್ 15ರ ನಂತರ ಹೊಸ ಜಮೆ ತೆಗೆದುಕೊಳ್ಳುವಂತಿರಲಿಲ್ಲ. ಆದರೆ ಖಾತೆಯಲ್ಲಿ ಆಗಲೇ ಇದ್ದ ದುಡ್ಡನ್ನು ಗ್ರಾಹಕರು ತೆಗೆದುಕೊಳ್ಳಲು ಅಡ್ಡಿ ಇರಲಿಲ್ಲ. ಮಾವನ ಮಾತಿನಲ್ಲಿ ಈ ಅರ್ಧ ಬಿಟ್ಟುಹೋಗಿದೆ.

ದುಡ್ಡು ಯಾಕೆ ಉಳಿಯುತ್ತದೆ ಅಂದರೆ, ಪೇಮೆಂಟ್ಸ್ ಬ್ಯಾಂಕುಗಳು ಯಾರಿಗೂ ಸಾಲ ಕೊಡುವಂತಿಲ್ಲ. ಜನ ಇಟ್ಟ ದುಡ್ಡಿನಲ್ಲಿ ಕನಿಷ್ಠ ಶೇ 75ರಷ್ಟನ್ನು ಒಂದು ವರ್ಷದೊಳಗಿನ ಸರ್ಕಾರಿ ಸಾಲಪತ್ರಗಳಲ್ಲಿ ಹಾಕಬೇಕು. ಉಳಿದದ್ದನ್ನು ಬೇರೆ ಬ್ಯಾಂಕುಗಳಲ್ಲಿ ಠೇವಣಿ ಇಡಬಹುದು. ಸಾಮಾನ್ಯವಾಗಿ ಬ್ಯಾಂಕು ಮುಳುಗುವುದು ಕೊಟ್ಟ ಸಾಲ ವಾಪಸ್ ಬಾರದೇ ಇದ್ದಾಗ. ಸಾಲವನ್ನೇ ಕೊಡದ ಬ್ಯಾಂಕಿಗೆ ಆ ದಾರಿ ಇಲ್ಲ. ಇದರ ಮೇಲೆ ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಇದೆ. ಐಪಿಪಿಬಿಯಲ್ಲಿ ಇಡಬಹುದಾದದ್ದೇ 2 ಲಕ್ಷ. ಅಂದರೆ ಅವ್ವನ ಪ್ರತಿ ರೂಪಾಯಿಯೂ ವಿಮೆಯೊಳಗೇ ಇರುತ್ತದೆ. ಮಾವನಿಗೆ ಇಷ್ಟು ಹೇಳಿ, ಅವರಿಗೂ ಸಮಾಧಾನವಾಗುತ್ತದೆ.

ಹಾಗಾದರೆ ಖಾತೆ ತೆರೆಯಿರಿ ಅಂತ ಹೇಳಿಬಿಡಲೇ? ಇಲ್ಲ, ತಾಳಿ. ಅವ್ವನ ಬ್ಯಾಂಕ್ ದುಡ್ಡನ್ನು ಊರಲ್ಲೇ ಪಡೆಯಲು ಹೊಸ ಖಾತೆ ತೆರೆಯಲೇಬೇಕಿಲ್ಲ!

ಪೋಸ್ಟ್ ಅಕ್ಕನ ಹತ್ತಿರ ಮೊಬೈಲು, ಬೆರಳಚ್ಚಿನ ಮಷಿನ್ ಇರುತ್ತದೆ. ಅದರಲ್ಲಿ ಆಧಾರ್ ಮೂಲಕ ಹಣ ಕೊಡುವ ವ್ಯವಸ್ಥೆ ಇದೆ, ಎಇಪಿಎಸ್ ಅಂತಾರೆ. ಯಾವ ಬ್ಯಾಂಕಿನ ಖಾತೆಯೇ ಇರಲಿ, ಆಧಾರ್ ಲಿಂಕ್ ಆಗಿದ್ದರೆ ಸಾಕು. ಅಕ್ಕ ಅವ್ವನ ಬ್ಯಾಂಕಿನ ಹೆಸರು ಆರಿಸಿ, ಆಧಾರ್ ನಂಬರ್ ಹಾಕಿ, ಬೆರಳು ಇಡಿಸುತ್ತಾರೆ. ಬ್ಯಾಂಕಿನ ಖಾತೆಯಿಂದ ದುಡ್ಡು ಕಳೆಯುತ್ತದೆ, ಅಕ್ಕ ತನ್ನ ಪೆಟ್ಟಿಗೆಯಿಂದ ನೋಟು ಎಣಿಸಿ ಕೊಡುತ್ತಾರೆ. ಒಂದು ಸಲಕ್ಕೆ 10,000 ರೂಪಾಯಿವರೆಗೆ. 2020ರ ಲಾಕ್‌ಡೌನ್‌ನಲ್ಲಿ ಬಸ್ಸು, ಗಾಡಿ ಏನೂ ಇಲ್ಲದಾಗ ಅಂಚೆಯವರು ಹಳ್ಳಿ ಹಳ್ಳಿಗೆ ಪಿಂಚಣಿ, ಜನಧನ್ ಹಣ ತಲುಪಿಸಿದ್ದು ಇದೇ ಮಷಿನ್‌ನಿಂದ. ಆ ದಿನಗಳನ್ನು ನೆನೆದರೆ ನನಗೆ ಈಗಲೂ ಹೆಮ್ಮೆ ಅನ್ನಿಸುತ್ತದೆ.

ಹಾಗಾಗಿ ಈ ತಿಂಗಳು ಮೊದಲು ಇದನ್ನು ಮಾಡಿ ನೋಡಿ. ಅಕ್ಕನಿಗೆ ಫೋನ್ ಮಾಡಿ, "ಅವ್ವನ ಬ್ಯಾಂಕ್ ಖಾತೆಯಿಂದಲೇ ಆಧಾರ್ ಮೇಲೆ ದುಡ್ಡು ಕೊಡ್ತೀರಾ ಅಕ್ಕಾ?" ಅಂತ ಕೇಳಿ. ಹಿಂದಿನ ದಿನವೇ ಹೇಳಿಡಿ. ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ಇಷ್ಟೇ ನಗದು ಇಡಬೇಕು ಅಂತ ಮಿತಿ ಇದೆ. ಜಾಸ್ತಿ ಬೇಕಾದರೆ ಮೇಲಿನ ಕಚೇರಿಯಿಂದ ತರಿಸಬೇಕು. ಗೃಹಲಕ್ಷ್ಮಿ ಜಮೆಯಾದ ದಿನ ಊರೆಲ್ಲ ಒಟ್ಟಿಗೆ ಬಂದರೆ ಮಧ್ಯಾಹ್ನದೊಳಗೆ ಪೆಟ್ಟಿಗೆ ಖಾಲಿ. ಕಚೇರಿ ತೆರೆದಿರುವುದೂ ದಿನಕ್ಕೆ ನಾಲ್ಕೈದು ಗಂಟೆ ಮಾತ್ರ. ಎಷ್ಟೋ ಊರಲ್ಲಿ ಅದು ಅವರದೇ ಮನೆಯ ಮುಂದಿನ ಕೋಣೆ. ದೇಶದಲ್ಲಿ ಸುಮಾರು 1.64 ಲಕ್ಷ ಅಂಚೆ ಕಚೇರಿಗಳಿವೆ, ಹತ್ತರಲ್ಲಿ ಒಂಬತ್ತು ಹಳ್ಳಿಗಾಡಿನಲ್ಲೇ ಇವೆ. ಬ್ಯಾಂಕು ಶಾಖೆ ತೆರೆಯದ ಊರನ್ನೂ ಅಂಚೆ ಮುಟ್ಟಿದ್ದು ಹೀಗೆ, ಊರಿನವರ ಮನೆಯ ಒಂದು ಕೋಣೆಯಿಂದ. ಅದಕ್ಕೇ ನೆಟ್‌ವರ್ಕ್ ಇಲ್ಲ, ಕರೆಂಟ್ ಇಲ್ಲ, ಚಿಲ್ಲರೆ ಇಲ್ಲ ಅನ್ನುವ ತೊಂದರೆಯೂ ಇದೆ. ಇದೆಲ್ಲ ಗೊತ್ತಿದ್ದರೆ ಅಕ್ಕನ ಮೇಲೆ ಸಿಟ್ಟು ಬರುವುದಿಲ್ಲ.

ಇನ್ನು ಹೆಬ್ಬೆಟ್ಟಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ನಿಮ್ಮ ಸಮಸ್ಯೆಯ ಬೇರು ಇಲ್ಲೇ ಇದೆ. ವರ್ಷಗಟ್ಟಲೆ ಕಳೆ ಕಿತ್ತ, ಪಾತ್ರೆ ತಿಕ್ಕಿದ, ಮೆಣಸಿನಕಾಯಿ ಬಿಡಿಸಿದ ಕೈಯಲ್ಲಿ ಬೆರಳಿನ ಗೆರೆ ಸವೆದಿರುತ್ತದೆ. ವಯಸ್ಸಾದಂತೆ ಚರ್ಮ ಒಣಗುತ್ತದೆ. ಮಷಿನ್‌ಗೆ ಗೆರೆ ಕಾಣುವುದಿಲ್ಲ. ಅವ್ವನ ಮುಖ ನೋಡಿ "ನಿನ್ನ ಬೆರಳೇ ಸರಿಯಿಲ್ಲ" ಅನ್ನುವವರಿದ್ದಾರೆ, ಅದನ್ನು ಕೇಳಿ ಕಣ್ಣೀರು ಹಾಕಿದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಅವ್ವನಿಗೆ ಹೇಳಿ, ದುಡಿದ ಕೈ ಇರುವುದೇ ಹಾಗೆ.

ಹೆಬ್ಬೆಟ್ಟೇ ಇಡಬೇಕು ಅಂತ ಯಾವ ನಿಯಮವೂ ಇಲ್ಲ. ಹತ್ತು ಬೆರಳಲ್ಲಿ ಯಾವುದಾದರೂ ಆಗುತ್ತದೆ. ಕೂಲಿ ಕೆಲಸದಲ್ಲಿ ಉಂಗುರದ ಬೆರಳು, ಕಿರುಬೆರಳು ಕಡಿಮೆ ಸವೆಯುತ್ತವೆ, ಅವನ್ನು ಇಟ್ಟು ನೋಡಲಿ. ಕೈ ಚೆನ್ನಾಗಿ ತೊಳೆದು, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಒರೆಸಿಕೊಂಡು ಇಟ್ಟರೆ ಒಣ ಚರ್ಮದಲ್ಲೂ ಗೆರೆ ಮೂಡುತ್ತದೆ. ಮೆಣಸಿನಕಾಯಿ ಕೆಲಸ ಮಾಡಿದ ದಿನವೇ ಹೋಗುವುದು ಬೇಡ. ಇಷ್ಟಾದರೂ ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಿಸಿ. ಹತ್ತಾರು ವರ್ಷದ ಹಿಂದೆ ಕೊಟ್ಟ ಗುರುತಿಗೂ ಈಗಿನ ಬೆರಳಿಗೂ ಹೊಂದಿಕೆಯಾಗದೇ ಇರುವುದು ಸಹಜ. ದೊಡ್ಡ ಅಂಚೆ ಕಚೇರಿಗಳಲ್ಲೂ ಆಧಾರ್ ಕೇಂದ್ರ ಇರುತ್ತದೆ.

ಒಂದು ಮಾತು ಕೇಳುತ್ತೇನೆ. ಅವ್ವ ಹೋಗುತ್ತಿರುವುದು ಬ್ಯಾಂಕಿನ ಶಾಖೆಯೊಳಗೋ, ಪಕ್ಕದ ಗ್ರಾಹಕ ಸೇವಾ ಕೇಂದ್ರಕ್ಕೋ? ಸಹಿ ಮಾಡಲು ಬರುತ್ತೆ ಅಂದಿದ್ದೀರಿ. ಶಾಖೆಯ ಕೌಂಟರ್‌ನಲ್ಲಿ ಪಾಸ್‌ಬುಕ್ ತೋರಿಸಿ, ಹಣ ತೆಗೆಯುವ ಚೀಟಿಗೆ ಸಹಿ ಹಾಕಿದರೆ ಮಷಿನ್‌ಗೆ ಬೆರಳು ಇಡುವ ಅಗತ್ಯವೇ ಇಲ್ಲ. ಅಂಚೆಯ ಹಳೆಯ ಪಾಸ್‌ಬುಕ್‌ನಲ್ಲೂ ಅಷ್ಟೇ, ಫಾರಂ ತುಂಬಿ ಸಹಿ ಮಾಡಿದರೆ ಹಣ ಕೊಡುತ್ತಾರೆ. ಚಿಕ್ಕ ಮೊತ್ತಕ್ಕೆ ಬಂದವರನ್ನು ಹೊರಗಿನ ಕೇಂದ್ರಕ್ಕೆ ಕಳಿಸುವುದು ಎಷ್ಟೋ ಕಡೆ ರೂಢಿಯಾಗಿಬಿಟ್ಟಿದೆ. ಮೃದುವಾಗಿ, ಆದರೆ ಗಟ್ಟಿಯಾಗಿ ಕೌಂಟರ್‌ನಲ್ಲೇ ಕೇಳಬೇಕು.

ಐಪಿಪಿಬಿ ಖಾತೆ ತೆರೆಯಲು ಒಂದು ಒಳ್ಳೆಯ ಕಾರಣ ಇದೆ, ಅದೂ ಬೆರಳಿಗೆ ಸಂಬಂಧಿಸಿದ್ದೇ. 2025ರ ಆಗಸ್ಟ್‌ನಲ್ಲಿ ಐಪಿಪಿಬಿ ತನ್ನ ಗ್ರಾಹಕರಿಗೆ ಮುಖ ನೋಡಿ ಗುರುತಿಸುವ ವ್ಯವಸ್ಥೆ ತಂದಿತು. ಬೆರಳು ಒಪ್ಪದ ಹಿರಿಯರಿಗೆ ಅದು ನಿಜಕ್ಕೂ ಅನುಕೂಲ. ನಿಮ್ಮೂರಿನ ಅಕ್ಕನ ಮೊಬೈಲ್‌ನಲ್ಲಿ ಅದು ನಡೆಯುತ್ತಿದೆಯಾ ಅಂತ ಕೇಳಿ, ಅವ್ವನನ್ನೇ ಕೂರಿಸಿ ನೋಡಿ. ನಡೆಯುತ್ತಿದ್ದರೆ, ಬ್ಯಾಂಕ್ ಖಾತೆಯಿಂದ ಊರಲ್ಲಿ ತೆಗೆಯುವುದು ಎರಡು ಮೂರು ಸಲ ವಿಫಲವಾದರೆ, ಆಗ ಖಾತೆ ತೆರೆಯಿರಿ. ನನ್ನ ಸಲಹೆ ಇಷ್ಟೇ.

ತೆರೆಯುವಾಗ ಒಂದೇ ಒಂದು ಕಡೆ ಎಚ್ಚರ ಬೇಕು. "ಗೃಹಲಕ್ಷ್ಮಿ ನಿಲ್ಲುತ್ತೆ" ಅನ್ನುವ ಮಾತು ಹುಟ್ಟಿದ್ದೂ ಇಲ್ಲಿಂದಲೇ. ಸರ್ಕಾರದ ನೇರ ಹಣ ಆಧಾರ್ ಆಧಾರದ ಮೇಲೆ ಬರುವಾಗ ಖಾತೆ ನಂಬರ್ ನೋಡುವುದಿಲ್ಲ. ಈ ಆಧಾರ್ ಸದ್ಯ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಒಂದು ಪಟ್ಟಿ ನೋಡುತ್ತದೆ. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಕೊನೆಗೆ ಯಾವುದಕ್ಕೆ ಒಪ್ಪಿಗೆ ಕೊಟ್ಟಿರೋ ಅದು. ಹೊಸ ಖಾತೆ ತೆರೆಯುವಾಗ "ಸರ್ಕಾರದ ಹಣ ಈ ಖಾತೆಗೇ ಬರಲಿ" ಅನ್ನುವ ಒಪ್ಪಿಗೆ ಕೇಳುತ್ತಾರೆ. ಅದಕ್ಕೆ ಹೂಂ ಅಂದರೆ ಮುಂದಿನ ಕಂತು ಐಪಿಪಿಬಿಗೆ ಹೋಗುತ್ತದೆ. ಅವ್ವ ಮಾತ್ರ ಹಳೆಯ ಬ್ಯಾಂಕಿಗೆ ಹೋಗಿ, ಪಾಸ್‌ಬುಕ್ ಎಂಟ್ರಿ ಹಾಕಿಸಿ, "ದುಡ್ಡು ಬಂದಿಲ್ಲ" ಅಂತ ವಾಪಸ್ ಬರುತ್ತಾರೆ. ಊರಲ್ಲಿ ಸುದ್ದಿ ಹಬ್ಬುತ್ತದೆ: ಪೋಸ್ಟ್ ಬ್ಯಾಂಕಿನಲ್ಲಿ ಖಾತೆ ತೆಗೆದರೆ ಗೃಹಲಕ್ಷ್ಮಿ ಬಂದ್. ಹಣ ನಿಂತಿರುವುದಿಲ್ಲ, ಬೇರೆ ಮನೆಗೆ ಹೋಗಿರುತ್ತದೆ ಅಷ್ಟೇ. ಒಂದು ಶಿಬಿರದಲ್ಲಿ ಹೆಣ್ಣುಮಗಳೊಬ್ಬರು ಹೀಗೇ ಏಳು ತಿಂಗಳು ಹಣ ಬಂದಿಲ್ಲ ಅಂತ ಓಡಾಡಿದ್ದರು. ನೋಡಿದರೆ 14,000 ರೂಪಾಯಿ ಅವರದೇ ಹೆಸರಿನ ಇನ್ನೊಂದು ಖಾತೆಯಲ್ಲಿ ಕೂತಿತ್ತು. ಯಾವಾಗಲೋ ಸಿಮ್ ಜೊತೆ ತೆರೆದ ಖಾತೆ, ಅವರಿಗೆ ನೆನಪೂ ಇರಲಿಲ್ಲ.

ಅವ್ವನ ಆಧಾರ್ ಈಗ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ನೀವು ಬೆಂಗಳೂರಿನಲ್ಲಿ ಕೂತೇ ನೋಡಬಹುದು. ಮೈ ಆಧಾರ್ ತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡುವ ಜಾಗ ಇದೆ, ಆಧಾರ್‌ನಲ್ಲಿರುವ ನಂಬರ್‌ಗೆ ಓಟಿಪಿ ಬರುತ್ತದೆ. ಖಾತೆ ತೆರೆಯುವ ಮೊದಲೊಮ್ಮೆ ನೋಡಿ, ತೆರೆದ ಮೇಲೊಮ್ಮೆ ನೋಡಿ. ಬದಲಾಯಿಸುವುದಾದರೆ ಗೊತ್ತಿದ್ದೇ ಬದಲಾಯಿಸಿ.

ಹಳೆಯ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ. ಸಾಲದ ಬಗ್ಗೆ ಕೇಳಿದ್ದೀರಲ್ಲ, ಉತ್ತರ ಅಲ್ಲಿದೆ. ಐಪಿಪಿಬಿ ತನ್ನ ದುಡ್ಡಿನಿಂದ ಯಾರಿಗೂ ಸಾಲ ಕೊಡುವಂತಿಲ್ಲ. ಮುಂದೆ ಮಹಿಳಾ ಸಂಘದ ಮೂಲಕವೋ ಹೊಲದ ಮೇಲೋ ಸಾಲ ಬೇಕಾದರೆ ಬ್ಯಾಂಕು ಅಥವಾ ಊರಿನ ಸಹಕಾರ ಸಂಘಕ್ಕೇ ಹೋಗಬೇಕು. ವರ್ಷಗಳಿಂದ ವ್ಯವಹಾರ ನಡೆದ ಖಾತೆ ಅಲ್ಲಿ ಕೆಲಸಕ್ಕೆ ಬರುತ್ತದೆ. ಸಣ್ಣ ತುರ್ತಿಗೆ ಇನ್ನೊಂದು ದಾರಿ ಅವ್ವನ ಕೈಯಲ್ಲೇ ಇದೆ, ಆರ್‌ಡಿ. ಒಂದು ವರ್ಷ ತುಂಬಿ 12 ಕಂತು ಕಟ್ಟಿದ್ದರೆ, ಕಟ್ಟಿದ ಮೊತ್ತದ ಅರ್ಧದವರೆಗೆ ಅದರ ಮೇಲೇ ಸಾಲ ಸಿಗುತ್ತದೆ. ಬಡ್ಡಿ ಆರ್‌ಡಿ ಬಡ್ಡಿಗಿಂತ ಶೇ 2 ಮಾತ್ರ ಜಾಸ್ತಿ. ಊರಿನ ಕೈಸಾಲದ ಬಡ್ಡಿ ಗೊತ್ತಿರುವವರಿಗೆ ಇದು ಎಷ್ಟು ಕಡಿಮೆ ಅಂತ ಬಿಡಿಸಿ ಹೇಳಬೇಕಿಲ್ಲ. ಆದರೂ ತುಂಬ ಜನಕ್ಕೆ ಇದು ಗೊತ್ತೇ ಇಲ್ಲ, ಆರ್‌ಡಿ ಮುರಿಸಿಬಿಡುತ್ತಾರೆ.

ಆ 40,000ದ ಬಗ್ಗೆಯೂ ಒಂದು ಮಾತು. ಅದನ್ನು ಐಪಿಪಿಬಿಗೆ ಹಾಕಬೇಡಿ, ಬಡ್ಡಿ ಕಡಿಮೆಯಾಗುತ್ತದೆ. ಈಗಿರುವ ಪಾಸ್‌ಬುಕ್‌ನಲ್ಲಿ ವರ್ಷಕ್ಕೆ ಹೆಚ್ಚೆಂದರೆ 1,600 ರೂಪಾಯಿ ಬರುತ್ತಿದೆ. ಅವ್ವನಿಗೆ 60 ದಾಟಿದೆಯಲ್ಲ, ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಅರ್ಹರು. 2025ರಲ್ಲಿ ಅದಕ್ಕೆ ಶೇ 8.2 ಬಡ್ಡಿ ಇತ್ತು. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನೋಡುತ್ತದೆ, ಆದರೆ ನೀವು ಇಟ್ಟ ದಿನದ ದರವೇ ಐದು ವರ್ಷ ನಡೆಯುತ್ತದೆ. 30,000 ಇಟ್ಟರೆ ಆ ದರದಲ್ಲಿ ಮೂರು ತಿಂಗಳಿಗೊಮ್ಮೆ 615 ರೂಪಾಯಿ ಅವರ ಅಂಚೆ ಖಾತೆಗೆ ಬೀಳುತ್ತದೆ. ಉಳಿದ 10,000 ಪಾಸ್‌ಬುಕ್‌ನಲ್ಲೇ ಇರಲಿ, ಆಸ್ಪತ್ರೆ ಅಂತ ಬಂದರೆ ಬೇಕು. ತೊಂದರೆ ಏನೆಂದರೆ ಇದು ಐದು ವರ್ಷದ ಲೆಕ್ಕ. ಒಂದು ವರ್ಷದೊಳಗೆ ಮುರಿದರೆ ಬಡ್ಡಿಯೇ ಇಲ್ಲ, ಕೊಟ್ಟ ಬಡ್ಡಿಯನ್ನೂ ಅಸಲಿನಿಂದ ಹಿಡಿದುಕೊಳ್ಳುತ್ತಾರೆ. ಎರಡು ವರ್ಷದೊಳಗೆ ಮುರಿದರೆ ಅಸಲಿನಲ್ಲಿ ಶೇ 1.5, ಆಮೇಲೆ ಶೇ 1 ಕಡಿತ. ಹತ್ತಿರದಲ್ಲೇ ಮನೆ ರಿಪೇರಿ, ಮದುವೆ ಇದ್ದರೆ ಒಂದು ವರ್ಷದ ಟೈಮ್ ಡೆಪಾಸಿಟ್ ಮಾಡಿಸಿ. ಅದಕ್ಕೆ 2025ರಲ್ಲಿ ಶೇ 6.9 ಇತ್ತು. 2020ರಿಂದ ಈ ಯೋಜನೆಗಳೆಲ್ಲ ಹಳ್ಳಿಯ ಶಾಖಾ ಕಚೇರಿಯಲ್ಲೂ ಸಿಗುತ್ತವೆ, ತಾಲ್ಲೂಕಿಗೆ ಓಡಬೇಕಿಲ್ಲ. ಮೂರು ಹಣಕಾಸು ವರ್ಷ ಒಂದೂ ವ್ಯವಹಾರ ಮಾಡದಿದ್ದರೆ ಅಂಚೆ ಉಳಿತಾಯ ಖಾತೆ ನಿಷ್ಕ್ರಿಯವಾಗುತ್ತದೆ. ವರ್ಷಕ್ಕೊಮ್ಮೆ ನೂರು ರೂಪಾಯಿ ಹಾಕಿದರೂ ಸಾಕು.

ಈಗ ನನಗೆ ನಿಜವಾಗಿಯೂ ಕಳವಳ ತಂದ ಸಾಲಿಗೆ ಬರುತ್ತೇನೆ. "ಎರಡೂ ಪಾಸ್‌ಬುಕ್ ಆ ಅಕ್ಕನ ಮನೆಯಲ್ಲೇ ಇವೆ."

ಆ ಅಕ್ಕ ಒಳ್ಳೆಯವರೇ ಇರಬಹುದು. ನಾನು ಕಂಡ ಹಳ್ಳಿಯ ಅಂಚೆಯವರಲ್ಲಿ ಬಹುಪಾಲು ಜನ ಊರಿಗಾಗಿ ಜೀವ ಸವೆಸಿದವರು. ಆದರೂ ಪಾಸ್‌ಬುಕ್ ಇನ್ನೊಬ್ಬರ ಮನೆಯಲ್ಲಿ ಇರಕೂಡದು. ಒಮ್ಮೆ ಒಂದು ಊರಿನಲ್ಲಿ ಆರ್‌ಡಿ ಕಂತು ವಸೂಲಿ ಮಾಡುತ್ತಿದ್ದವರ ಹತ್ತಿರ ಮೂವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳ ಪಾಸ್‌ಬುಕ್ ಇದ್ದವು. ಎಲ್ಲರೂ ತಪ್ಪದೆ ದುಡ್ಡು ಕೊಟ್ಟಿದ್ದರು. ಪುಸ್ತಕ ತೆಗೆದು ನೋಡಿದಾಗ ಹಲವರ ಕಂತು ಜಮೆಯೇ ಆಗಿರಲಿಲ್ಲ. ಕೊಟ್ಟಿದ್ದಕ್ಕೆ ಯಾರ ಕೈಯಲ್ಲೂ ಒಂದು ಚೀಟಿ ಇರಲಿಲ್ಲ. "ನಮ್ಮೋರೇ ಅಲ್ವಾ ಅಂತ ಕೇಳಲಿಲ್ರಿ" ಅಂದರು. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಅಕ್ಕನನ್ನು ಅನುಮಾನಿಸಿ ಅಂತ ನಾನು ಹೇಳುತ್ತಿಲ್ಲ. "ಅವ್ವನ ಪೆಟ್ಟಿಗೆಯಲ್ಲಿ ಇಡ್ತೀವಿ ಅಕ್ಕಾ" ಅಂತ ಹೇಳಿ ಎರಡನ್ನೂ ತನ್ನಿ. ಪ್ರತಿ ಸಲ ದುಡ್ಡು ಕಟ್ಟುವಾಗ ಪುಸ್ತಕ ತೆಗೆದುಕೊಂಡು ಹೋಗಲಿ. ಎಂಟ್ರಿ, ಉಳಿದ ಮೊತ್ತ, ತಾರೀಖಿನ ಮುದ್ರೆ, ಸಹಿ ನಾಲ್ಕನ್ನೂ ನೋಡಿಯೇ ಎದ್ದು ಬರಲಿ. ಬಡ್ಡಿ ಹಾಕಿಸಲು ಅಥವಾ ಬೇರೆ ಕಾರಣಕ್ಕೆ ಪುಸ್ತಕ ಕಚೇರಿಯಲ್ಲಿ ಬಿಡಬೇಕಾಗಿ ಬಂದರೆ ಅದಕ್ಕೆ ರಸೀದಿ ಕೊಡಬೇಕು, ಕೇಳಿ ಪಡೆಯಿರಿ. ಪ್ರಾಮಾಣಿಕರಿಗೆ ಇದರಿಂದ ಬೇಜಾರಾಗುವುದಿಲ್ಲ, ನಾಳೆ ಅವರ ಮೇಲೆ ಮಾತು ಬಂದರೆ ಅವರನ್ನು ಕಾಯುವುದೂ ಇದೇ ಎಂಟ್ರಿ.

ಬೆರಳಿನ ವ್ಯವಹಾರಕ್ಕೆ ಪಾಸ್‌ಬುಕ್ ಇರುವುದಿಲ್ಲ, ಹಾಗಾಗಿ ಅಲ್ಲಿ ಇನ್ನೂ ಎಚ್ಚರ ಬೇಕು. ಅಂಚೆಯಲ್ಲೇ ಆಗಲಿ, ಅಂಗಡಿಯಲ್ಲೇ ಆಗಲಿ, "ಆಗಲಿಲ್ಲ, ಇನ್ನೊಮ್ಮೆ ಇಡು" ಅಂದಾಗ ಮೊದಲ ಸಲವೇ ಹಣ ಕಳೆದಿರಬಹುದು. ಆಗ ಎರಡನೇ ಸಲ ಬೆರಳು ಇಡುವ ಮೊದಲು ನಿಮ್ಮ ಫೋನ್‌ಗೆ ಮೆಸೇಜ್ ಬಂತಾ ಅಂತ ಕೇಳಲಿ. ನೆಟ್‌ವರ್ಕ್ ಕೈಕೊಟ್ಟು ಖಾತೆಯಲ್ಲಿ ಕಳೆದು ಕೈಗೆ ಬಾರದಿದ್ದರೆ, ಐದು ದಿನದೊಳಗೆ ವಾಪಸ್ ಹಾಕಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಸೇವೆಗೆ ಶುಲ್ಕ ಇದೆಯಾ ಅಂತ ಮೊದಲೇ ಕೇಳಿ, ಮನೆ ಬಾಗಿಲಿಗೆ ಬಂದು ಕೊಡುವುದಕ್ಕೆ ಬೇರೆ ದರ ಇರುತ್ತದೆ. ರಸೀದಿ ಇಲ್ಲದೆ ಕೈಯಿಂದ ಹತ್ತು ಇಪ್ಪತ್ತು ಮುರಿದುಕೊಳ್ಳುವುದು ಶುಲ್ಕ ಅಲ್ಲ, ಅದನ್ನು ಕೊಡಬೇಕಿಲ್ಲ.

ಬೆರಳಚ್ಚು ಕದ್ದು ಹಣ ತೆಗೆಯುವವರೂ ಇದ್ದಾರೆ. 2023ರಲ್ಲಿ ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಮಾಡಿಸಿದ ಅನೇಕರ ಖಾತೆಯಿಂದ ಓಟಿಪಿ ಇಲ್ಲದೆ ಹಣ ಹೋದ ದೂರುಗಳು ಬಂದವು. ಇದಕ್ಕೆ ಬೀಗ ಇದೆ. ಆಧಾರ್‌ನ ಮೊಬೈಲ್ ಆ್ಯಪ್‌ನಲ್ಲಿ ಅವ್ವನ ಬೆರಳಚ್ಚನ್ನು ಲಾಕ್ ಮಾಡಿಡಬಹುದು. ದುಡ್ಡು ತೆಗೆಯುವ ದಿನ ಅವ್ವ ಹೇಳಿದಾಗ ನೀವು ತೆರೆದರೆ ಆಯಿತು. ಅನುಮಾನದ ಮೆಸೇಜ್ ಬಂದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ನಿಮ್ಮ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದು, ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ಗ್ರಾಹಕರ ಮೇಲೆ ಬೀಳುವಂತಿಲ್ಲ. ದೂರು ಕೊಡುವ ಜಾಗವೂ ಎರಡು ಖಾತೆಗೆ ಬೇರೆ ಬೇರೆ. ಐಪಿಪಿಬಿ ಸರಿಯಾಗಿ ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ, ಇದ್ದಾರೆ. ಸಹಾಯವಾಣಿ 14448. ಹಳೆಯ ಅಂಚೆ ಖಾತೆಯದ್ದಾದರೆ ಅಂಚೆ ಇಲಾಖೆಗೇ ದೂರು ಕೊಡಬೇಕು.

ಎಲ್ಲದಕ್ಕೂ ನಿಮ್ಮ ನಂಬರ್ ಕೊಟ್ಟಿರುವುದು ಸದ್ಯಕ್ಕೆ ಸರಿ. ಆದರೆ ಸಾಧ್ಯವಾದರೆ ಅವ್ವನಿಗೊಂದು ಸಾದಾ ಕೀಪ್ಯಾಡ್ ಫೋನ್ ಕೊಡಿಸಿ, ಖಾತೆಗೆ ಆ ನಂಬರ್ ಹಾಕಿಸಿ. ದುಡ್ಡು ಬಂದ ಸದ್ದು ಮೊದಲು ಅವರಿಗೇ ಕೇಳಲಿ. ಅವರ ದುಡ್ಡು ಅದು.

ಇನ್ನೊಂದು, ಅಕ್ಕನಿಗೆ ಇಷ್ಟು ಖಾತೆ, ಇಷ್ಟು ವಿಮೆ ಮಾಡಿಸಬೇಕು ಅಂತ ಮೇಲಿನಿಂದ ಟಾರ್ಗೆಟ್ ಇರುತ್ತದೆ. ಖಾತೆ ತೆರೆಯುವಾಗ ಜೊತೆಗೇ ವಿಮೆಯ ಫಾರಂ ಬರಬಹುದು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ, 70 ವರ್ಷದವರೆಗೆ ಸಿಗುತ್ತದೆ, ಅಪಘಾತಕ್ಕೆ 2 ಲಕ್ಷದ ರಕ್ಷಣೆ. 436 ರೂಪಾಯಿಯ ಜೀವನ ಜ್ಯೋತಿಗೆ ಸೇರಲು 50 ವರ್ಷದೊಳಗಿರಬೇಕು, ಅವ್ವನಿಗೆ ಅದು ಅನ್ವಯಿಸುವುದಿಲ್ಲ. ಉಳಿದವು ಬೇಡವಾದರೆ ಬೇಡ ಅನ್ನಿ. ವಿಮೆ ಇಲ್ಲದೆ ಖಾತೆ ಇಲ್ಲ ಅನ್ನುವ ನಿಯಮ ಎಲ್ಲೂ ಇಲ್ಲ. ನಾಮಿನಿ ಹೆಸರು ಮಾತ್ರ ಎಲ್ಲ ಖಾತೆಯಲ್ಲೂ ಇದೆಯಾ ಅಂತ ಈಗಲೇ ನೋಡಿ.

ಕೊನೆಗೆ ಆ ಎರಡು ಕಂತು. ಹೆದರಬೇಡಿ, ಆರ್‌ಡಿ ಸತ್ತಿಲ್ಲ. ನಾಲ್ಕು ಕಂತಿನವರೆಗೆ ತಪ್ಪಿದರೂ ಖಾತೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ನಿಲ್ಲುತ್ತದೆ, ಮತ್ತೆ ಎರಡು ತಿಂಗಳೊಳಗೆ ಜೀವ ಕೊಡಿಸಬೇಕಾಗುತ್ತದೆ. ತಪ್ಪಿದ ಕಂತಿಗೆ ತಿಂಗಳಿಗೆ 100 ರೂಪಾಯಿಗೆ 1 ರೂಪಾಯಿ ದಂಡ. ಮೊದಲ ಕಂತು ಎರಡು ತಿಂಗಳು ತಡ, 10 ರೂಪಾಯಿ. ಎರಡನೆಯದು ಒಂದು ತಿಂಗಳು ತಡ, 5 ರೂಪಾಯಿ. ಈ ತಿಂಗಳ ಕಂತೂ ಸೇರಿ 1,515 ರೂಪಾಯಿ ಆಗುತ್ತದೆ. ಈ ಭಾನುವಾರ ಊರಿಗೆ ಹೋಗಿ, ಸೋಮವಾರ ಒಂದು ದಿನ ರಜೆ ಹಾಕಿ, ಅವ್ವನ ಜೊತೆ ನೀವೇ ಹೋಗಿ ಕಟ್ಟಿ. ಪಾಸ್‌ಬುಕ್‌ಗಳನ್ನು ಅವ್ವನ ಕೈಗೆ ಕೊಟ್ಟು ಮನೆಗೆ ಕರೆದುಕೊಂಡು ಬನ್ನಿ.